ಮಣ್ಣಿನ ಪಾಠ ಗಟ್ಟಿ, ಬೆಳೆಯ ಪಾಠ ಜೊಳ್ಳು: ಕಲಬುರಗಿಯ ಒಂದು ಕೃಷಿ ಪಿಜಿ ತರಬೇತಿ ಕೇಂದ್ರ

ಕಲಬುರಗಿಯಲ್ಲಿ ಕೆಎಎಸ್, ಪಿಎಸ್‌ಐ, ನೀಟ್ ಪರೀಕ್ಷೆಗಳಿಗೆ ತರಬೇತಿ ಕೊಡುವ ಕೇಂದ್ರಗಳಿಗೆ ಬರವಿಲ್ಲ; ಸ್ಟೇಷನ್ ರಸ್ತೆಯಿಂದ ಸೂಪರ್ ಮಾರ್ಕೆಟ್ಟಿನ ಕಡೆ ನಡೆದುಹೋದರೆ ಒಂದರ ಫಲಕ ಇನ್ನೊಂದನ್ನು ಮರೆಮಾಡಿಕೊಂಡು ನಿಂತಿರುವುದನ್ನು ನೋಡಬಹುದು. ಆದರೆ ಬಿ.ಎಸ್ಸಿ. ಕೃಷಿ ಮುಗಿಸಿ ಮಣ್ಣು ವಿಜ್ಞಾನದಲ್ಲೋ ಬೇಸಾಯ ಶಾಸ್ತ್ರದಲ್ಲೋ ಎಂ.ಎಸ್ಸಿ. ಮಾಡಬೇಕೆನ್ನುವವರ ಪಾಡು ಬೇರೆ. ಹೆಚ್ಚಿನವರು ಧಾರವಾಡಕ್ಕೋ ಹೈದರಾಬಾದಿಗೋ ಹೋಗಿ ಕೋಣೆ ಹಿಡಿಯುತ್ತಾರೆ, ಉಳಿದವರು ಹಾಸ್ಟೆಲಿನ ಹಿರಿಯರು ಬಿಟ್ಟುಹೋದ ಜೆರಾಕ್ಸ್ ನೋಟ್ಸನ್ನು ನೆಚ್ಚಿಕೊಳ್ಳುತ್ತಾರೆ. ಹೀಗಿರುವಾಗ ಕೃಷಿ ಪದವೀಧರರಿಗೆಂದೇ ನಡೆಯುವ ಒಂದು ಸಣ್ಣ ತರಬೇತಿ ಕೇಂದ್ರಕ್ಕೆ ಕಳೆದ ಬೇಸಿಗೆಯಲ್ಲಿ ಸೇರಿ ಪರೀಕ್ಷೆಯವರೆಗೂ ಓದಿದ ಅನುಭವದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಹೊಗಳಿಕೆಯ ಜೊತೆಗೆ ಕೆಲವು ದೂರುಗಳೂ ಇರುವುದರಿಂದ ಕೇಂದ್ರದ ಹೆಸರನ್ನಾಗಲಿ ಬೋಧಕರ ಹೆಸರನ್ನಾಗಲಿ ಬರೆಯುವುದಿಲ್ಲ.

ಪರೀಕ್ಷೆ ಯಾವುದು ಎಂಬುದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಈ ಕೇಂದ್ರದ ಒಳ್ಳೆಯದೂ ಕೆಟ್ಟದ್ದೂ ಅದರ ಸ್ವರೂಪಕ್ಕೇ ಅಂಟಿಕೊಂಡಿದೆ. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ, ಎಂದರೆ ಐಸಿಎಆರ್‌ನ, ಸ್ನಾತಕೋತ್ತರ ಪ್ರವೇಶ ಪರೀಕ್ಷೆಯನ್ನು 2019ರಿಂದ ರಾಷ್ಟ್ರೀಯ ಪರೀಕ್ಷಾ ಸಂಸ್ಥೆ ಕಂಪ್ಯೂಟರಿನ ಮೇಲೆ ನಡೆಸುತ್ತಿದೆ. ಪ್ರಶ್ನೆಗಳು 120, ಸಮಯ 120 ನಿಮಿಷ. ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಇದರಲ್ಲಿ ಬೇಸಾಯ ಶಾಸ್ತ್ರಕ್ಕೆ ಒಂದು ಪ್ರತ್ಯೇಕ ಗುಂಪೇ ಇದೆ. ಮಣ್ಣು ವಿಜ್ಞಾನವಾದರೋ ಭೌತ ವಿಜ್ಞಾನಗಳ ಗುಂಪಿನಲ್ಲಿ ಕೃಷಿ ಹವಾಮಾನ ಶಾಸ್ತ್ರ, ಕೃಷಿ ರಸಾಯನ ಶಾಸ್ತ್ರ, ಮಣ್ಣು ಮತ್ತು ನೀರಿನ ಸಂರಕ್ಷಣೆ ಮುಂತಾದವುಗಳ ಜೊತೆ ಬರುತ್ತದೆ. ಅಂದರೆ ಮಣ್ಣನ್ನು ಓದುವವನಿಗೂ ಬೆಳೆಯನ್ನು ಓದುವವನಿಗೂ ಬರುವ ಪ್ರಶ್ನೆಪತ್ರಿಕೆ ಒಂದೇ ಅಲ್ಲ. ಕೇಂದ್ರದವರು ಮಾತ್ರ ಇಬ್ಬರನ್ನೂ ಒಂದೇ ಕೋಣೆಯಲ್ಲಿ, ಒಂದೇ ವೇಳಾಪಟ್ಟಿಗೆ ಕೂರಿಸುತ್ತಾರೆ. ಮುಂದೆ ಹೇಳಲಿರುವ ತೊಂದರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇದೊಂದರಿಂದ ಹುಟ್ಟಿದವು.

ಮಣ್ಣು ವಿಜ್ಞಾನದ ಪಾಠದ ಬಗ್ಗೆ ವಿವರವಾಗಿ ಬರೆಯಬೇಕು, ಏಕೆಂದರೆ ಕೊಟ್ಟ ಫೀಸು ದಕ್ಕಿದ್ದು ಅಲ್ಲಿಯೇ. ಬೋಧಕರು ನಮ್ಮ ಭಾಗದವರು, ಹೊಲದ ಮಾತು ಬಲ್ಲವರು. ಮಣ್ಣು ರೂಪುಗೊಳ್ಳುವ ಐದು ಅಂಶಗಳನ್ನು, ಅಂದರೆ ಹವಾಮಾನ, ಜೀವಿಗಳು, ಭೂಮಿಯ ಏರಿಳಿತ, ಮೂಲ ಶಿಲೆ ಮತ್ತು ಕಾಲವನ್ನು, ಪಠ್ಯಪುಸ್ತಕಗಳು ಹಾನ್ಸ್ ಜೆನ್ನಿಯ ಸಮೀಕರಣವಾಗಿ ಒಂದು ಸಾಲಿನಲ್ಲಿ ಕೊಟ್ಟು ಮುಂದೆ ಹೋಗುತ್ತವೆ. ಇವರು ಅದೇ ಪಾಠವನ್ನು ಕಲ್ಯಾಣ ಕರ್ನಾಟಕದ ನಕ್ಷೆಯ ಮೇಲೆ ಮಾಡಿದರು. ಆಳಂದದ ಕಡೆ ಬಸಾಲ್ಟ್ ಶಿಲೆ, ಅದರಿಂದ ಹುಟ್ಟಿದ ಕಪ್ಪು ಮಣ್ಣಿನ ಎರೆ ಭೂಮಿ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಸುಣ್ಣಕಲ್ಲು. ಯಾದಗಿರಿಯ ಕೋಟೆ ನಿಂತಿರುವುದು ಗ್ರಾನೈಟ್ ಗುಡ್ಡದ ಮೇಲೆ, ಅದರ ಸುತ್ತ ಕೆಂಪು ಮಣ್ಣಿನ ಮಸಾರಿ ಹೊಲಗಳು. ಬೀದರಿನ ಕೋಟೆಯ ಕೆಳಗಿರುವುದು ಜಂಬಿಟ್ಟಿಗೆ, ನೌಬಾದಿನ ಹಳೆಯ ನೀರಿನ ಸುರಂಗಗಳನ್ನು ಕೊರೆದಿರುವುದೂ ಅದರಲ್ಲಿಯೇ. ಒಂದು ದಿನದ ಬಸ್ಸಿನ ದಾರಿಯಲ್ಲಿ ನಾಲ್ಕು ಬಗೆಯ ಮೂಲ ಶಿಲೆಗಳು ಸಿಗುವ ಸೀಮೆಯಲ್ಲಿ ಹುಟ್ಟಿ, ಬೇರೆ ದೇಶದ ಉದಾಹರಣೆಗಳನ್ನು ಬಾಯಿಪಾಠ ಮಾಡಿ ಪದವಿ ಪಡೆದಿದ್ದೇವಲ್ಲ ಎಂದು ಆ ದಿನ ಅನೇಕರಿಗೆ ಅನಿಸಿರಬೇಕು. (ಬಿದರಿ ಕೆಲಸದವರು ಪಾತ್ರೆಗೆ ಕಪ್ಪು ಬಣ್ಣ ಬರಿಸಲು ಕೋಟೆಯ ಮಣ್ಣನ್ನೇ ಏಕೆ ಹುಡುಕುತ್ತಾರೆ ಎಂಬ ಪ್ರಶ್ನೆಗೆ ಮಾತ್ರ ಅವರು "ಅದು ನಿನ್ನ ಪಿಎಚ್.ಡಿ.ಗಿರಲಿ ತಮ್ಮಾ" ಎಂದು ನಕ್ಕು ಸುಮ್ಮನಾದರು.)

ಇನ್ನೊಂದು ತರಗತಿಯನ್ನು ಇಲ್ಲಿ ಹೇಳದೆ ಇರಲಾರೆ. ಕೇಂದ್ರದ ನೆಲಕ್ಕೆ ಹಾಸಿರುವುದು ಶಹಾಬಾದಿ ಫರಸಿ, ಎಂದರೆ ಅದೇ ಸುಣ್ಣಕಲ್ಲಿನ ಹಾಸುಗಲ್ಲು. ಬೋಧಕರು ಅದರ ಒಡೆದ ಒಂದು ತುಂಡನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಒಂದು ಬಸಾಲ್ಟ್ ಕಲ್ಲನ್ನೂ ಎರೆ ಹೊಲದ ಕೆಳಪದರದಿಂದ ಆರಿಸಿ ತಂದ ಬಿಳಿ ಸುಣ್ಣದ ಹರಳುಗಳನ್ನೂ ಇಟ್ಟು, ಮೂರರ ಮೇಲೂ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿಟ್ಟರು. ಫರಸಿ ಬುರುಬುರು ನೊರೆಯಿತು, ಹರಳುಗಳೂ ನೊರೆದವು, ಬಸಾಲ್ಟ್ ಸುಮ್ಮನಿತ್ತು. ಅಲ್ಲಿಂದ ಶುರುವಾದ ಮಾತು ಎರಡು ಗಂಟೆ ನಡೆಯಿತು. ಸುಣ್ಣ ತುಂಬಿದ, ರಸಸಾರ (ಪಿಎಚ್) 8 ದಾಟಿದ ಮಣ್ಣಿನಲ್ಲಿ ರಂಜಕ ಕ್ಯಾಲ್ಸಿಯಂ ಜೊತೆ ಸೇರಿ ಗಿಡಕ್ಕೆ ಸಿಗದಂತಾಗುವುದು ಹೇಗೆ, ಸತು ಮತ್ತು ಕಬ್ಬಿಣ ಮಣ್ಣಿನಲ್ಲಿದ್ದರೂ ಎಲೆ ಹಳದಿಯಾಗುವುದು ಏಕೆ, ಇಂಥ ಮಣ್ಣಿನ ರಂಜಕವನ್ನು ಅಳೆಯಲು 8.5 ರಸಸಾರದ ಸೋಡಿಯಂ ಬೈಕಾರ್ಬೊನೇಟ್ ದ್ರಾವಣದ ಓಲ್ಸನ್ ವಿಧಾನವೇ ಏಕೆ ಬೇಕು, ಆಮ್ಲೀಯ ದ್ರಾವಣದ ಬ್ರೇ ವಿಧಾನವನ್ನು ಬಳಸಿದರೆ ಆಮ್ಲವೆಲ್ಲ ಸುಣ್ಣವನ್ನು ಕರಗಿಸುವುದರಲ್ಲೇ ಹೇಗೆ ಮುಗಿದುಹೋಗುತ್ತದೆ, ಎಲ್ಲವೂ ಅದೊಂದು ಹನಿಯ ಬೆನ್ನು ಹತ್ತಿ ಬಂದವು. ಪದವಿಯ ಪ್ರಯೋಗಾಲಯದಲ್ಲಿ ಓಲ್ಸನ್ ವಿಧಾನವನ್ನು ಮಾಡಿ ರೆಕಾರ್ಡ್ ಬರೆದು ಸಹಿ ಹಾಕಿಸಿಕೊಂಡವರೇ ನಾವೆಲ್ಲ, ಆದರೆ ಬ್ರೇ ಬಿಟ್ಟು ಅದನ್ನೇ ಏಕೆ ಆರಿಸಬೇಕೆಂದು ಒಬ್ಬರೂ ಕೇಳಿರಲಿಲ್ಲ.

ಎರೆ ಭೂಮಿ ಬಿರಿಯುವ ವಿಚಾರವೂ ಹಾಗೆಯೇ. "ಎರಿ ಹೊಲ ಬ್ಯಾಸಗಿಗೆ ಯಾಕ ಬಿರೀತದ, ಮಸಾರಿ ಯಾಕ ಬಿರಿಯಂಗಿಲ್ಲ?" ಎಂಬುದು ಅವರ ಪ್ರಶ್ನೆ. ಉತ್ತರ ಸ್ಮೆಕ್ಟೈಟ್ ಜೇಡಿಯಲ್ಲಿದೆ: ನೀರು ಪದರಗಳ ನಡುವೆ ನುಗ್ಗಿದರೆ ಉಬ್ಬುತ್ತದೆ, ಆರಿದರೆ ಕುಗ್ಗುತ್ತದೆ, ಅದರ ಧನ ಅಯಾನು ವಿನಿಮಯ ಸಾಮರ್ಥ್ಯ, ಎಂದರೆ ಪೋಷಕಾಂಶಗಳ ಧನ ಅಯಾನುಗಳನ್ನು ಹಿಡಿದಿಟ್ಟು ಬಿಟ್ಟುಕೊಡುವ ಶಕ್ತಿ, ಕಿಲೊಗೆ 80ರಿಂದ 120 ಸೆಂಟಿಮೋಲ್. ಕೆಂಪು ಮಣ್ಣಿನ ಕಯೋಲಿನೈಟ್ ಜೇಡಿಯಲ್ಲಿ ಅದು 3ರಿಂದ 15 ಮಾತ್ರ. ವರ್ಟಿಸಾಲ್ ಎಂದು ಪುಸ್ತಕದಲ್ಲಿ ಓದಿದ ಈ ಎರೆ ಮಣ್ಣಿನಲ್ಲಿ, ಉಬ್ಬಿ ಕುಗ್ಗುವಾಗ ಹೆಂಟೆಗಳು ಒಂದಕ್ಕೊಂದು ಉಜ್ಜಿ ಮೂಡುವ ನುಣುಪಾದ ಒತ್ತುಮೈಗಳನ್ನು ತೋರಿಸಲು ಒಂದು ಭಾನುವಾರ ಊರ ಹೊರಗೆ ಬಾವಿ ತೋಡುತ್ತಿದ್ದ ಹೊಲಕ್ಕೆ ಕರೆದುಕೊಂಡುಹೋದರು. ಗೋಡೆಯ ಮಣ್ಣಿನ ಹೆಂಟೆಯೊಂದನ್ನು ಕಿತ್ತಾಗ ಅದರ ಒಂದು ಬದಿ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಚಿತ್ರದಲ್ಲಿ ನೋಡಿ ಗುರುತಿಸುವುದಕ್ಕೂ ಕೈಯಲ್ಲಿ ಹಿಡಿದು ಗುರುತಿಸುವುದಕ್ಕೂ ಇರುವ ಅಂತರವನ್ನು ಪ್ರವೇಶ ಪರೀಕ್ಷೆ ಅಳೆಯದೆ ಇರಬಹುದು. ಮುಂದೆ ಪ್ರಬಂಧದ ಕೆಲಸಕ್ಕೆ ಮಣ್ಣಿನ ಪದರಗಳ ಪಾರ್ಶ್ವನೋಟ ಬರೆಯುವಾಗ ಅದು ಬೇಕಾಗುತ್ತದೆ.

ಗೊಬ್ಬರದ ಲೆಕ್ಕದ ಪಾಠವನ್ನೂ ಮೆಚ್ಚಿಕೊಳ್ಳಬೇಕು. ಮಳೆಯಾಶ್ರಿತ ತೊಗರಿಗೆ ಹೆಕ್ಟೇರಿಗೆ 25 ಕಿಲೊ ಸಾರಜನಕ, 50 ಕಿಲೊ ರಂಜಕ ಎಂಬ ಶಿಫಾರಸನ್ನು ಬೋರ್ಡಿನ ಮೇಲೆ ಬರೆದು, ಡಿಎಪಿ ಮತ್ತು ಯೂರಿಯಾದಲ್ಲಿ ಅದನ್ನು ಪೂರೈಸಿ ಎಂದರು. ಡಿಎಪಿಯಲ್ಲಿ ರಂಜಕ ಶೇ. 46 ಇರುವುದರಿಂದ ಹೆಕ್ಟೇರಿಗೆ ಸುಮಾರು 109 ಕಿಲೊ ಡಿಎಪಿ ಬೇಕು. ಅದರಿಂದಲೇ ಹತ್ತಿರಹತ್ತಿರ 20 ಕಿಲೊ ಸಾರಜನಕ ಬಂದುಬಿಡುತ್ತದೆ, ಉಳಿದ 5 ಕಿಲೊಗೆ ಸುಮಾರು 12 ಕಿಲೊ ಯೂರಿಯಾ ಸಾಕು. ಎಕರೆಗೆ ಇಳಿಸಿದರೆ ಡಿಎಪಿ 44 ಕಿಲೊ. ಹಿಂದಿನ ಸಾಲಿನಲ್ಲಿದ್ದ ಅಫಜಲಪುರದ ಹುಡುಗ ತಕ್ಷಣ, "ಹಂಗಾದ್ರ ನಮ್ಮಪ್ಪ ಎಕರೆಗೆ ಒಂದು ಚೀಲ ಹಾಕೋದು ಬರೋಬ್ಬರಿನೇ ಅದಲ್ರಿ ಸರ್" ಎಂದ. "ಆರು ಕಿಲೊ ಜಾಸ್ತಿ ಅದ. ಮಣ್ಣು ಪರೀಕ್ಷಾ ಮಾಡಿಸ್ಯಾರೇನು, ಮೊದಲು ಅದನ್ನ ಕೇಳು" ಎಂಬ ಉತ್ತರ ಬಂತು. ಹೀಗೆ ಮಾಡಿದ ಲೆಕ್ಕ ಮರೆಯುವಂಥದ್ದಲ್ಲ. ಕ್ಷಾರ ಮಣ್ಣಿಗೆ ಜಿಪ್ಸಂ ಎಷ್ಟು ಬೇಕು, ಸಾವಯವ ಇಂಗಾಲವನ್ನು ಅಳೆಯುವ ವಾಕ್ಲಿ ಮತ್ತು ಬ್ಲ್ಯಾಕ್ ವಿಧಾನದಲ್ಲಿ ಅದು ಪೂರ್ತಿ ಉರಿಯದೆ ಉಳಿಯುವುದರಿಂದ 1.3ರಿಂದ ಏಕೆ ಗುಣಿಸಬೇಕು ಎಂಬವುಗಳನ್ನೂ ಇದೇ ರೀತಿ ಬಿಡಿಸಿ ಬಿಡಿಸಿ ಹೇಳಿಕೊಟ್ಟರು.

ಇನ್ನು ಬೆಳೆಯ ಪಾಠ. ಅದಕ್ಕೆ ಬರುವವರು ಬೇರೆ ಬೋಧಕರು. ಅಚ್ಚು ಹಾಕಿಸಿದ ನೋಟ್ಸ್ ಇದೆ, ಅದನ್ನೇ ಓದಿ ಹೇಳುತ್ತಾರೆ. ಗೋಧಿಗೆ ಬಿತ್ತಿದ 21ನೇ ದಿನದ ಸುಮಾರಿಗೆ ಕಿರೀಟ ಬೇರು ಮೂಡುವ ಹಂತದಲ್ಲಿ ನೀರು ತಪ್ಪಿಸಬಾರದು ಎಂಬ ಸಾಲು ಆ ನೋಟ್ಸಿನಲ್ಲಿ ಮೂರು ಕಡೆ ಬರುತ್ತದೆ. ಅಖಿಲ ಭಾರತ ಪರೀಕ್ಷೆಯಾದ್ದರಿಂದ ಗೋಧಿ, ಭತ್ತಗಳಿಗೆ ಹೆಚ್ಚು ಜಾಗ ಸಲ್ಲುವುದು ನ್ಯಾಯವೇ, ಅದಕ್ಕೆ ನನ್ನ ತಕರಾರಿಲ್ಲ. ಆದರೆ 2019ರಲ್ಲಿ ಭೌಗೋಳಿಕ ಸೂಚಕ ಪಡೆದ ತೊಗರಿಬೇಳೆಯ ಊರಿನಲ್ಲಿ ಕೂತು, ಆಳಂದ ರಸ್ತೆಯ ಕೃಷಿ ಸಂಶೋಧನಾ ಕೇಂದ್ರ ಟಿಎಸ್-3ಆರ್ ತಳಿ ಕೊಟ್ಟಿರುವ ಊರಿನಲ್ಲಿ ಕೂತು, ತೊಗರಿಯನ್ನು ಅರ್ಧ ಪುಟದಲ್ಲಿ ಮುಗಿಸುವುದು ಸೋಮಾರಿತನವಲ್ಲದೆ ಬೇರೇನೂ ಅಲ್ಲ. ನೆಟೆ ರೋಗಕ್ಕೆ ಕಾರಣ ಫ್ಯುಸೇರಿಯಂ ಎಂಬ ಶಿಲೀಂಧ್ರ, ಗೊಡ್ಡು ರೋಗವನ್ನು ಹರಡುವುದು ಒಂದು ನುಸಿ ಎಂಬ ಎರಡು ವಾಕ್ಯಗಳನ್ನು ಬಿಟ್ಟರೆ ಕುಡಿ ಚಿವುಟುವುದರ ಬಗ್ಗೆಯಾಗಲಿ, ಹೆಸರು ಉದ್ದುಗಳನ್ನು ತೊಗರಿಯ ಸಾಲಿನ ನಡುವೆ ಅಂತರ ಬೆಳೆಯಾಗಿ ಬೆಳೆದಾಗ ಸಾಲುಗಳ ಪ್ರಮಾಣ ಎಷ್ಟಿರಬೇಕೆಂಬುದರ ಬಗ್ಗೆಯಾಗಲಿ ಒಂದು ಅಕ್ಷರವಿಲ್ಲ. ಅಂತರ ಬೆಳೆಯ ಲಾಭವನ್ನು ಅಳೆಯುವ ಭೂ ಸಮಾನತಾ ಅನುಪಾತದ ಸೂತ್ರವನ್ನು ಬರೆಸಿದರು, ಒಂದೇ ಒಂದು ಲೆಕ್ಕವನ್ನೂ ಮಾಡಿಸಲಿಲ್ಲ. ಹಿಂಗಾರಿ ಜೋಳದ ಪಾಠ ನಡೆದ ದಿನ ಮಾಲ್ದಂಡಿ ಎಂಬ ತಳಿಯ ಹೆಸರನ್ನು ಕೂಡ ಯಾರೂ ಎತ್ತಲಿಲ್ಲ.

ಸಂಖ್ಯಾಶಾಸ್ತ್ರಕ್ಕೆ ಬಂದರೆ ಸ್ಥಿತಿ ಇನ್ನೂ ಕೆಟ್ಟದ್ದು. ಕ್ಷೇತ್ರ ಪ್ರಯೋಗಗಳ ವಿನ್ಯಾಸ ಸ್ನಾತಕೋತ್ತರ ಓದಿನ ಬೆನ್ನೆಲುಬು. ಅದನ್ನು ಅರಿಯದವರು ತಮ್ಮ ಪ್ರಬಂಧದ ಕೋಷ್ಟಕವನ್ನು ತಾವೇ ಓದಲಾರರು. ಇಲ್ಲಿ ಆ ಭಾಗವನ್ನು ಕೊನೆಯ ವಾರದಲ್ಲಿ ಓಡಿಸಿದರು. ಅಣಕು ಪರೀಕ್ಷೆಯೊಂದರಲ್ಲಿ, ಐದು ಉಪಚಾರಗಳನ್ನು ನಾಲ್ಕು ಪುನರಾವರ್ತನೆಗಳಲ್ಲಿ ಯಾದೃಚ್ಛಿಕ ಖಂಡ ವಿನ್ಯಾಸದಲ್ಲಿ (ಆರ್‌ಬಿಡಿ) ಹಾಕಿದರೆ ದೋಷದ ಸ್ವಾತಂತ್ರ್ಯ ಮಾತ್ರೆಗಳು (ಡಿಗ್ರೀಸ್ ಆಫ್ ಫ್ರೀಡಮ್) ಎಷ್ಟು ಎಂಬ ಪ್ರಶ್ನೆಗೆ ಉತ್ತರಪಟ್ಟಿಯಲ್ಲಿ 15 ಎಂದಿತ್ತು. ಖಂಡಗಳ ಪಾಲಿನ ಮೂರನ್ನು ಕಳೆದ ಮೇಲೆ ಉಳಿಯುವುದು 12. 15 ಎಂಬುದು ಖಂಡಗಳೇ ಇಲ್ಲದ ಪೂರ್ಣ ಯಾದೃಚ್ಛಿಕ ವಿನ್ಯಾಸದ ಉತ್ತರ. ನಾವು ಕೆಲವರು ಹೋಗಿ ತೋರಿಸಿದೆವು, "ನೋಡೋಣ್ರಿ" ಎಂದರು, ಮುಂದಿನ ಬ್ಯಾಚಿಗೆ ಹಂಚಿದ ಪ್ರತಿಯಲ್ಲೂ ಅದೇ 15 ಇರುವುದನ್ನು ನಾನೇ ನೋಡಿದ್ದೇನೆ.

ಋಣಾತ್ಮಕ ಅಂಕದ ಬಗ್ಗೆ ಇಲ್ಲಿ ಕೊಡುವ ಸಲಹೆಯೂ ನನಗೆ ಒಪ್ಪಿಗೆಯಾಗಿಲ್ಲ. "ಖಚಿತ ಗೊತ್ತಿಲ್ಲದಿದ್ದರೆ ಮುಟ್ಟಲೇಬೇಡಿ" ಎಂದು ಮತ್ತೆ ಮತ್ತೆ ಹೇಳುತ್ತಾರೆ. ನಾಲ್ಕು ಆಯ್ಕೆಗಳಿರುವಲ್ಲಿ, ಸರಿಗೆ 4, ತಪ್ಪಿಗೆ 1 ಎಂಬ ನಿಯಮದಲ್ಲಿ, ಕಣ್ಣು ಮುಚ್ಚಿ ಗುರುತು ಹಾಕಿದರೂ ಪ್ರಶ್ನೆಗೆ ಸರಾಸರಿ ಕಾಲು ಅಂಕ ಲಾಭವೇ ಹೊರತು ನಷ್ಟವಿಲ್ಲ. ಎರಡು ಆಯ್ಕೆಗಳನ್ನು ತಳ್ಳಿಹಾಕಬಲ್ಲವರಿಗೆ ಅದು ಒಂದೂವರೆ ಅಂಕವಾಗುತ್ತದೆ. ಅರ್ಧಂಬರ್ಧ ಗೊತ್ತಿರುವ ಪ್ರಶ್ನೆಗಳನ್ನು ಬಿಟ್ಟುಬರುವಂತೆ ಹೆದರಿಸಿ ಕಳಿಸುವುದರಿಂದ ಓದಿದ ಹುಡುಗರಿಗೇ ಪೆಟ್ಟು ಬೀಳುತ್ತದೆ. ಸಂಭವನೀಯತೆಯನ್ನು ಕಲಿಸಬೇಕಾದ ಜಾಗದಲ್ಲಿಯೇ ಈ ಲೆಕ್ಕವನ್ನು ಮಾಡಿ ನೋಡಿಲ್ಲವೆಂದರೆ ಏನು ಹೇಳುವುದು?

ಸೌಕರ್ಯಗಳ ವಿಚಾರವನ್ನು ಹೆಚ್ಚು ಬೆಳೆಸಬೇಕಿಲ್ಲ. ಓದುವ ಕೋಣೆ ರಾತ್ರಿ ಹತ್ತರವರೆಗೆ ತೆರೆದಿರುತ್ತದೆ, ಕುಡಿಯುವ ನೀರಿನ ಕ್ಯಾನು ಖಾಲಿಯಾಗಲು ಬಿಡುವುದಿಲ್ಲ, ಇನ್ವರ್ಟರ್ ಇದೆ. ಮೇ ತಿಂಗಳ ಕಲಬುರಗಿಯ ಬಿಸಿಲಿಗೆ ಮೇಲಿನ ಮಹಡಿಯ ಕೋಣೆಯಲ್ಲಿ ಮಧ್ಯಾಹ್ನ ಕೂರುವುದು ಕಷ್ಟವಾದ್ದರಿಂದ ತರಗತಿಗಳನ್ನು ಬೆಳಗ್ಗೆ ಏಳಕ್ಕೂ ಸಂಜೆ ಐದಕ್ಕೂ ಇಟ್ಟಿದ್ದಾರೆ. ಇದು ಬುದ್ಧಿವಂತಿಕೆಯ ಏರ್ಪಾಡು. ಕಪಾಟಿನಲ್ಲಿ ಸೀಸೆಗಳಲ್ಲಿ ತುಂಬಿಟ್ಟ ಮಣ್ಣಿನ ಮಾದರಿಗಳು, ಒಂದು ಹೈಡ್ರೋಮೀಟರ್, ಒಂದು ಹಳೆಯ ರಸಸಾರ ಮಾಪಕ ಇವೆ. ಮಣ್ಣಿನ ಬಣ್ಣವನ್ನು ಹೋಲಿಸಿ ಹೇಳುವ ಮನ್ಸೆಲ್ ವರ್ಣಪಟ್ಟಿಯೂ ಉಂಟು, ಆದರೆ ಅದು ಕಪ್ಪು ಬಿಳುಪಿನ ಜೆರಾಕ್ಸ್!

ಹಣದ ವ್ಯವಹಾರದಲ್ಲಿ ಎಚ್ಚರ ಬೇಕು. ಸೇರುವಾಗ ಅಣಕು ಪರೀಕ್ಷೆಗಳೂ ಫೀಸಿನಲ್ಲೇ ಸೇರಿವೆ ಎಂದು ಬಾಯಿಮಾತಿನಲ್ಲಿ ಹೇಳಿದವರು ಕೊನೆಯ ತಿಂಗಳಲ್ಲಿ ಅದಕ್ಕೆ ಬೇರೆ ಹಣ ಕೇಳಿದರು. ರಸೀದಿಯಲ್ಲಿ ಏನೂ ಬರೆದಿರಲಿಲ್ಲವಾದ್ದರಿಂದ ವಾದ ಮಾಡಿ ಫಲವಾಗಲಿಲ್ಲ. ಬಾಗಿಲ ಮೇಲಿನ ಫಲಕದಲ್ಲಿ ರ‍್ಯಾಂಕ್ ಬಂದವರ ಭಾವಚಿತ್ರಗಳಿವೆ. ಇವರಲ್ಲಿ ಎಷ್ಟು ಮಂದಿ ಇಲ್ಲಿಯೇ ಪೂರ್ತಿ ಓದಿದವರು, ಎಷ್ಟು ಮಂದಿ ಕೇವಲ ಅಣಕು ಪರೀಕ್ಷೆ ಬರೆದವರು ಎಂದು ಕೇಳಿದರೆ ನೇರ ಉತ್ತರ ಸಿಗುವುದಿಲ್ಲ. ಹಾಗೆಂದು ಇದು ಲೂಟಿಯ ಅಂಗಡಿಯಲ್ಲ. ಹೈದರಾಬಾದಿನಲ್ಲಿ ಕೋಣೆ ಬಾಡಿಗೆ, ಮೆಸ್ಸಿನ ಖರ್ಚು ಸೇರಿಸಿ ನೋಡಿದರೆ ಇಲ್ಲಿ ಆಗುವ ವೆಚ್ಚ ಅದರ ಅರ್ಧವೂ ಆಗುವುದಿಲ್ಲ, ಸೇಡಂ, ಜೇವರ್ಗಿ ಕಡೆಯವರು ಮನೆಯಿಂದಲೇ ಬಸ್ಸಿನಲ್ಲಿ ಬಂದುಹೋಗಬಹುದು.

ಜಾಹೀರಾತಿನಲ್ಲಿ ಎಲ್ಲೂ ಹೇಳದ ಒಂದು ಸಂಗತಿ ನನಗೆ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಮಣ್ಣಿನ ಬೋಧಕರು ಶನಿವಾರ ಸಂಜೆ ಪಠ್ಯ ಬದಿಗಿಟ್ಟು, ಎಂ.ಎಸ್ಸಿ. ಎಂದರೆ ನಿಜವಾಗಿ ಏನು ಮಾಡಬೇಕಾಗುತ್ತದೆ ಎಂದು ಮಾತಾಡುತ್ತಿದ್ದರು. ಒಟ್ಟು 70 ಕ್ರೆಡಿಟ್‌ಗಳಲ್ಲಿ 30 ಪ್ರಬಂಧದ ಕೆಲಸಕ್ಕೇ ಹೋಗುತ್ತವೆ, ಆದ್ದರಿಂದ ಯಾವ ಕಾಲೇಜು ಎಂಬುದರಷ್ಟೇ ಯಾರ ಮಾರ್ಗದರ್ಶನ, ಯಾವ ಸಮಸ್ಯೆ ಎಂಬುದನ್ನೂ ಯೋಚಿಸಬೇಕು; ಎರಡು ವರ್ಷದ ಅವಧಿಯಲ್ಲಿ ಮಳೆಯಾಶ್ರಿತ ಮುಂಗಾರಿನ ಪ್ರಯೋಗಕ್ಕೆ ಸಿಗುವ ಅವಕಾಶ ಹೆಚ್ಚೆಂದರೆ ಒಂದೋ ಎರಡೋ ಹಂಗಾಮು, ಆ ವರ್ಷ ಮಳೆ ಕೈಕೊಟ್ಟರೆ ದತ್ತಾಂಶವೂ ಕೈಕೊಡುತ್ತದೆ; ಅದಕ್ಕೆ ಹೊಲದ ಪ್ರಯೋಗದ ಜೊತೆ ಕುಂಡದ ಪ್ರಯೋಗವನ್ನೋ ಪ್ರಯೋಗಾಲಯದ ಕೆಲಸವನ್ನೋ ಜೋಡಿಸಿಕೊಳ್ಳಬೇಕು; ಮಾದರಿ ತೆಗೆಯುವಾಗ 15 ಸೆಂ.ಮೀ. ಆಳದ ಗುಂಡಿಯ ಬದಿಯಿಂದ ಸಮನಾಗಿ ಕೆರೆದು ತೆಗೆಯದೆ ಮೇಲಿನ ಮಣ್ಣನ್ನೇ ಬಾಚಿ ತಂದರೆ ಮುಂದೆ ಯಾವ ಯಂತ್ರವೂ ಕಾಪಾಡುವುದಿಲ್ಲ. ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲೇ ಉಳಿಯಬೇಕೆ, ಹೊರರಾಜ್ಯಕ್ಕೆ ಹೋಗಬೇಕೆ ಎಂಬ ಗೊಂದಲದಲ್ಲಿದ್ದವರಿಗೆ ಅವರು ಇದನ್ನೇ ಮಾಡಿ ಎಂದು ಹೇಳುತ್ತಿರಲಿಲ್ಲ. ನಿಮ್ಮ ಸಮಸ್ಯೆ ಎರೆ ಮಣ್ಣಿನದಾದರೆ ಎರೆ ಮಣ್ಣು ಇರುವಲ್ಲಿ ಓದಿ, ನಿಮಗೆ ಉಪಕರಣ ಮುಖ್ಯವಾದರೆ ಉಪಕರಣ ಇರುವಲ್ಲಿಗೆ ಹೋಗಿ ಎನ್ನುತ್ತಿದ್ದರು.

ಮಣ್ಣು ವಿಜ್ಞಾನಕ್ಕೆ ಹೋಗುವವರು ಕಣ್ಣು ಮುಚ್ಚಿ ಸೇರಬಹುದು, ಆದರೆ ಸಂಖ್ಯಾಶಾಸ್ತ್ರವನ್ನೂ ಹವಾಮಾನ ಶಾಸ್ತ್ರವನ್ನೂ ಸ್ವಂತ ಓದಿನಲ್ಲಿ ತುಂಬಿಕೊಳ್ಳಬೇಕು. ಬೇಸಾಯ ಶಾಸ್ತ್ರದವರಿಗೆ ನಾನು ಈ ಕೇಂದ್ರವನ್ನು ಸದ್ಯಕ್ಕೆ ಶಿಫಾರಸು ಮಾಡಲಾರೆ. ಅವರು ಐಸಿಎಆರ್‌ನ ಉಚಿತ ಇ-ಕೋರ್ಸುಗಳನ್ನೂ ಹಳೆಯ ಪ್ರಶ್ನೆಪತ್ರಿಕೆಗಳನ್ನೂ ಹಿಡಿದು ಗೆಳೆಯರ ಜೊತೆ ಕೂತು ಓದಿದರೆ ಇದಕ್ಕಿಂತ ಚೆನ್ನಾಗಿ ತಯಾರಾಗಬಹುದು. ಬೆಳೆಯ ಪಾಠಕ್ಕೆ ಬೇರೆ ಬೋಧಕರನ್ನು ತರುತ್ತೇವೆಂದು, ಎರಡು ಗುಂಪುಗಳಿಗೂ ಪ್ರತ್ಯೇಕ ವೇಳಾಪಟ್ಟಿ ಮಾಡುತ್ತೇವೆಂದು ಕೇಂದ್ರದವರು ಈಗ ಹೇಳುತ್ತಿದ್ದಾರೆ. ಪದವಿಯ ಕೊನೆಯ ಸೆಮಿಸ್ಟರ್ ಮುಗಿದ ಕೂಡಲೇ ಹೊಸ ಬ್ಯಾಚ್ ಶುರುವಾಗುತ್ತದೆ. ಹೋಗುವವರು ಮೊದಲು ಒಂದು ವಾರ ಫೀಸಿಲ್ಲದೆ ಕೂರಲು ಬಿಡುತ್ತೀರಾ ಎಂದು ಕೇಳಲಿ, ಬಿಡುತ್ತಾರೆ. ಆ ವಾರದಲ್ಲಿ ಮಣ್ಣಿನ ತರಗತಿಯನ್ನಷ್ಟೇ ನೋಡಿ ಮರುಳಾಗದೆ ಬೆಳೆಯ ತರಗತಿಯಲ್ಲೂ ಕೂತು ನೋಡಲಿ, ಅಣಕು ಪರೀಕ್ಷೆಯ ಶುಲ್ಕ ಸೇರಿದೆ ಎಂಬ ಮಾತನ್ನು ರಸೀದಿಯ ಮೇಲೆ ಬರೆಸಿಕೊಂಡೇ ಹಣ ಕೊಡಲಿ.